ಹೃದಯ ಮರುಸಮನ್ವಯ ಚಿಕಿತ್ಸೆಗೆ ರೋಗಿಗಳ ಆಯ್ಕೆ

ಹೃದಯ ಮರುಸಮನ್ವಯ ಚಿಕಿತ್ಸೆ ಅಥವಾ ಸಂಕ್ಷಿಪ್ತವಾಗಿ ಸಿಆರ್‌ಟಿ ಎಂಬುದು ಹೃದಯ ವೈಫಲ್ಯವುಳ್ಳ ಕೆಲವು ರೋಗಿಗಳಿಗೆ ವಿಶೇಷ ಬಗೆಯ ಪೇಸ್‌ಮೇಕರ್ ಮೂಲಕ ನೀಡುವ ಚಿಕಿತ್ಸೆಯಾಗಿದೆ. ಹೊಂದಾಣಿಕೆ ತಪ್ಪಿ ಸಂಕುಚಿಸುತ್ತಿರುವ ಹೃದಯದ ಗೋಡೆಗಳನ್ನು ಇದು ವಿದ್ಯುತ್ ಪ್ರಚೋದನೆಯಿಂದ ಮತ್ತೆ ಒಟ್ಟಿಗೆ ಸಂಕುಚಿಸುವಂತೆ ಮಾಡುತ್ತದೆ. ಸರಿಯಾದ ರೋಗಿಗಳಲ್ಲಿ ಈ ಚಿಕಿತ್ಸೆ ಉಸಿರಾಟದ ತೊಂದರೆಯನ್ನೂ ಆಸ್ಪತ್ರೆಗೆ ದಾಖಲಾಗುವ ಪ್ರಮಾಣವನ್ನೂ ತಗ್ಗಿಸಿ ಆಯುಷ್ಯವನ್ನು ಹೆಚ್ಚಿಸುತ್ತದೆ. ಆದರೆ ಸಾಧನವನ್ನು ಅಳವಡಿಸಿಕೊಂಡವರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಜನರಲ್ಲಿ ನಿರೀಕ್ಷಿತ ಸುಧಾರಣೆ ಕಂಡುಬರುವುದಿಲ್ಲ. ಯಾರಿಗೆ ಪ್ರಯೋಜನವಾಗುತ್ತದೆ ಎಂಬುದನ್ನು ಮುಂಚಿತವಾಗಿ ಗುರುತಿಸುವುದು ಹೃದ್ರೋಗ ವಿಜ್ಞಾನದ ಪ್ರಮುಖ ಪ್ರಶ್ನೆಗಳಲ್ಲಿ ಒಂದಾಗಿದೆ.

ಹಿನ್ನೆಲೆ

ಆರೋಗ್ಯವಂತ ಹೃದಯದಲ್ಲಿ ವಿದ್ಯುತ್ ಸಂಕೇತವು ಹಿಸ್ ಬಂಡಲ್ ಮತ್ತು ಅದರ ಎಡ-ಬಲ ಶಾಖೆಗಳ ಮೂಲಕ ಎರಡೂ ಹೃತ್ಕುಕ್ಷಿಗಳನ್ನು ಬಹುತೇಕ ಏಕಕಾಲದಲ್ಲಿ ತಲುಪುತ್ತದೆ. ಎಡ ಶಾಖೆಯಲ್ಲಿ ತಡೆ ಉಂಟಾದಾಗ ಸಂಕೇತವು ಬಲ ಭಾಗದಿಂದ ಸ್ನಾಯುವಿನ ಮೂಲಕ ನಿಧಾನವಾಗಿ ಎಡಕ್ಕೆ ಹರಿಯಬೇಕಾಗುತ್ತದೆ. ಇದರಿಂದ ಹೃತ್ಕುಕ್ಷಿಗಳ ನಡುವಣ ಗೋಡೆ ಮೊದಲು ಸಂಕುಚಿಸಿ, ಎಡ ಹೃತ್ಕುಕ್ಷಿಯ ಹೊರಗೋಡೆ ತಡವಾಗಿ ಸಂಕುಚಿಸುತ್ತದೆ. ಸ್ನಾಯುವಿನ ಶ್ರಮದ ಒಂದು ಭಾಗ ರಕ್ತವನ್ನು ಹೊರದೂಡದೆ ವ್ಯರ್ಥವಾಗುತ್ತದೆ. ಕಾಲಕ್ರಮೇಣ ಹೃತ್ಕುಕ್ಷಿ ಹಿಗ್ಗಿ ಇನ್ನಷ್ಟು ದುರ್ಬಲವಾಗುತ್ತದೆ.

ಸಿಆರ್‌ಟಿ ಸಾಧನದಲ್ಲಿ ಸಾಮಾನ್ಯವಾಗಿ ಲೀಡ್ ಎಂದು ಕರೆಯುವ ಮೂರು ತಂತಿಗಳಿರುತ್ತವೆ. ಅವುಗಳಲ್ಲಿ ಒಂದು ಬಲ ಹೃತ್ಕರ್ಣದಲ್ಲಿ, ಇನ್ನೊಂದು ಬಲ ಹೃತ್ಕುಕ್ಷಿಯಲ್ಲಿ ಇರುತ್ತದೆ. ಮೂರನೆಯದು ಕೊರೋನರಿ ಸೈನಸ್ ಮೂಲಕ ಸಾಗಿ ಎಡ ಹೃತ್ಕುಕ್ಷಿಯ ಹೊರಮೈಯ ಅಭಿಧಮನಿಯೊಂದರಲ್ಲಿ ನೆಲೆಗೊಳ್ಳುತ್ತದೆ. ಈ ವಿಧಾನದ ಆರಂಭಿಕ ಪ್ರಯೋಗಗಳು 1990ರ ದಶಕದಲ್ಲಿ ಫ್ರಾನ್ಸ್ ಮತ್ತು ನೆದರ್ಲೆಂಡ್ಸ್‌ಗಳಲ್ಲಿ ನಡೆದವು. ಅಮೆರಿಕದಲ್ಲಿ 2001ರಲ್ಲಿ ಇದಕ್ಕೆ ಅನುಮೋದನೆ ದೊರೆಯಿತು. 2005ರಲ್ಲಿ ಪ್ರಕಟವಾದ ಕೇರ್-ಎಚ್‌ಎಫ್ ಪ್ರಯೋಗದಲ್ಲಿ 813 ರೋಗಿಗಳಿದ್ದರು; ಔಷಧಿ ಮಾತ್ರ ಪಡೆದವರಲ್ಲಿ ಶೇ. 30ರಷ್ಟು ಮಂದಿ ಮರಣ ಹೊಂದಿದರೆ, ಸಿಆರ್‌ಟಿಯನ್ನೂ ಪಡೆದವರಲ್ಲಿ ಆ ಪ್ರಮಾಣ ಶೇ. 20 ಆಗಿತ್ತು.

ಪ್ರಯೋಜನದ ಅಳತೆ

ಚಿಕಿತ್ಸೆ ಫಲಿಸಿದೆ ಎಂದು ಹೇಳಲು ಒಂದೇ ಒಪ್ಪಿತ ಅಳತೆಗೋಲಿಲ್ಲ. ರೋಗಲಕ್ಷಣಗಳ ಸುಧಾರಣೆ, ನಡೆಯಬಲ್ಲ ದೂರ, ಆಸ್ಪತ್ರೆ ದಾಖಲಾತಿ ಮತ್ತು ಮರಣ ಪ್ರಮಾಣಗಳನ್ನು ಬಳಸಲಾಗುತ್ತದೆ. ಎಕೋಕಾರ್ಡಿಯೋಗ್ರಾಂನಲ್ಲಿ ಆರು ತಿಂಗಳ ಬಳಿಕ ಎಡ ಹೃತ್ಕುಕ್ಷಿಯ ಸಂಕುಚನಾಂತ್ಯದ ಗಾತ್ರವು ಶೇ. 15ರಷ್ಟಾದರೂ ಕುಗ್ಗಿರುವುದು ಇನ್ನೊಂದು ಪ್ರಚಲಿತ ಮಾನದಂಡ. ಈ ಅಳತೆಗಳು ಪರಸ್ಪರ ತಾಳೆಯಾಗದಿರಬಹುದು. 2008ರ ಪ್ರಾಸ್ಪೆಕ್ಟ್ ಅಧ್ಯಯನದಲ್ಲಿ ಶೇ. 69ರಷ್ಟು ರೋಗಿಗಳ ಸ್ಥಿತಿ ಸುಧಾರಿಸಿತ್ತು. ಆದರೆ ಹೃತ್ಕುಕ್ಷಿಯ ಗಾತ್ರ ಶೇ. 15ರಷ್ಟು ಕುಗ್ಗಿದ್ದು ಅಳತೆಗೆ ಸಿಕ್ಕವರಲ್ಲಿ ಶೇ. 56 ಮಂದಿಯಲ್ಲಿ ಮಾತ್ರ.

ಸುಧಾರಿಸಿದವರೆಲ್ಲರೂ ಸಾಧನದಿಂದಲೇ ಸುಧಾರಿಸಿದರೆಂದು ಹೇಳಲಾಗದು. 2002ರ ಮಿರಾಕಲ್ ಪ್ರಯೋಗದಲ್ಲಿ ಸಾಧನವನ್ನು ಚಾಲನೆಗೊಳಿಸದ ಗುಂಪಿನಲ್ಲಿಯೂ ಶೇ. 39 ಮಂದಿ ಸುಧಾರಿಸಿದ್ದರು. ಇದಕ್ಕೆ ಪ್ರತಿಯಾಗಿ, ಸಾಧನವಿಲ್ಲದಿದ್ದರೆ ಹದಗೆಡುತ್ತಿದ್ದ ರೋಗಿಯ ಸ್ಥಿತಿ ಸ್ಥಿರವಾಗಿ ಉಳಿದರೆ ಅದೂ ಪ್ರಯೋಜನವೇ ಆಗಿದೆ. ಅಂತಹವರನ್ನು ಚಿಕಿತ್ಸೆಗೆ ಸ್ಪಂದಿಸದವರ ಪಟ್ಟಿಗೆ ಸೇರಿಸುವ ಸಾಧ್ಯತೆ ಇರುತ್ತದೆ.

ಇಸಿಜಿಯ ಪಾತ್ರ

ಪ್ರಯೋಜನವನ್ನು ಮುಂಗಾಣಲು ಇದುವರೆಗೆ ಅತ್ಯಂತ ವಿಶ್ವಾಸಾರ್ಹವೆನಿಸಿರುವುದು ಸಾಮಾನ್ಯ ಇಸಿಜಿ. ಇದರ ಕ್ಯೂಆರ್‌ಎಸ್ ಭಾಗವು ಹೃತ್ಕುಕ್ಷಿಗಳು ವಿದ್ಯುತ್ತಿನಿಂದ ಪ್ರಚೋದಿತವಾಗಲು ಹಿಡಿಯುವ ಕಾಲವನ್ನು ತೋರಿಸುತ್ತದೆ. ಸಹಜ ಸ್ಥಿತಿಯಲ್ಲಿ ಅದು 120 ಮಿಲಿಸೆಕೆಂಡ್‌ಗಿಂತ ಕಡಿಮೆ ಇರುತ್ತದೆ. ಕ್ಯೂಆರ್‌ಎಸ್ ಅಗಲ 150 ಮಿಲಿಸೆಕೆಂಡ್ ಅಥವಾ ಹೆಚ್ಚಿದ್ದು, ಎಡ ಬಂಡಲ್ ಶಾಖೆಯ ತಡೆಯೂ ಇರುವವರಿಗೆ ಪ್ರಯೋಜನ ಅತಿ ಹೆಚ್ಚು. 1,820 ರೋಗಿಗಳನ್ನೊಳಗೊಂಡ ಮ್ಯಾಡಿಟ್-ಸಿಆರ್‌ಟಿ ಪ್ರಯೋಗದ ವಿಶ್ಲೇಷಣೆಯಲ್ಲಿ ಎಡ ಶಾಖೆಯ ತಡೆಯಿದ್ದವರಿಗೆ ಸ್ಪಷ್ಟ ಲಾಭ ಕಂಡುಬಂದಿತು. ಬಲ ಶಾಖೆಯ ತಡೆ ಅಥವಾ ಇತರ ವಿಳಂಬವಿದ್ದವರಿಗೆ ಅದು ಕಂಡುಬರಲಿಲ್ಲ.

ಎಕೋಕಾರ್ಡಿಯೋಗ್ರಾಂನ ಮಿತಿ

ಹೃದಯದ ಗೋಡೆಗಳು ಹೊಂದಾಣಿಕೆ ತಪ್ಪಿ ಚಲಿಸುವುದನ್ನು ಎಕೋಕಾರ್ಡಿಯೋಗ್ರಾಂನಲ್ಲಿ ನೇರವಾಗಿ ಕಾಣಬಹುದಾದ್ದರಿಂದ, ಅದು ಇಸಿಜಿಗಿಂತ ಉತ್ತಮ ಸೂಚಕವಾದೀತೆಂಬ ನಿರೀಕ್ಷೆಯಿತ್ತು. ಪ್ರಾಸ್ಪೆಕ್ಟ್ ಅಧ್ಯಯನವು 53 ಕೇಂದ್ರಗಳ 498 ರೋಗಿಗಳಲ್ಲಿ ಇಂತಹ 12 ಅಳತೆಗಳನ್ನು ಪರೀಕ್ಷಿಸಿತು. ಒಂದೇ ಚಿತ್ರವನ್ನು ಬೇರೆ ಬೇರೆ ತಜ್ಞರು ಅಳೆದಾಗ ಫಲಿತಾಂಶಗಳಲ್ಲಿ ಹೆಚ್ಚಿನ ಅಂತರ ಕಂಡುಬಂದಿತು. ಆಯ್ಕೆಗೆ ಆಧಾರವಾಗಬಲ್ಲ ಒಂದು ಅಳತೆಯೂ ದೊರೆಯಲಿಲ್ಲ.

2013ರಲ್ಲಿ ಪ್ರಕಟವಾದ ಎಕೋ-ಸಿಆರ್‌ಟಿ ಪ್ರಯೋಗವು ಇನ್ನೂ ಗಂಭೀರವಾದ ಎಚ್ಚರಿಕೆ ನೀಡಿತು. ಕ್ಯೂಆರ್‌ಎಸ್ 130 ಮಿಲಿಸೆಕೆಂಡ್‌ಗಿಂತ ಕಡಿಮೆಯಿದ್ದರೂ ಎಕೋದಲ್ಲಿ ಹೊಂದಾಣಿಕೆಯ ಕೊರತೆ ಕಂಡ 809 ರೋಗಿಗಳಿಗೆ ಸಾಧನ ಅಳವಡಿಸಿ, ಒಂದು ಗುಂಪಿನಲ್ಲಿ ಮಾತ್ರ ಸಿಆರ್‌ಟಿಯನ್ನು ಚಾಲನೆಗೊಳಿಸಲಾಯಿತು. ಆ ಗುಂಪಿನಲ್ಲಿ ಶೇ. 11.1 ಹಾಗೂ ಮತ್ತೊಂದರಲ್ಲಿ ಶೇ. 6.4 ಮಂದಿ ಮರಣ ಹೊಂದಿದರು. ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ವಿದ್ಯುತ್ ವಿಳಂಬವಿಲ್ಲದ ಹೃದಯಕ್ಕೆ ಈ ಚಿಕಿತ್ಸೆ ನಿಷ್ಫಲವಷ್ಟೇ ಅಲ್ಲ, ಹಾನಿಕರವೂ ಆಗಬಹುದು ಎಂಬುದು ಇದರಿಂದ ತಿಳಿದುಬಂದಿತು.

ಇತರ ಅಂಶಗಳು

* ಗಾಯದ ಕಲೆ: ಹೃದಯಾಘಾತದಿಂದ ಸತ್ತ ಸ್ನಾಯು ಪ್ರಚೋದನೆಗೆ ಸ್ಪಂದಿಸುವುದಿಲ್ಲ. ಎಡ ಹೃತ್ಕುಕ್ಷಿಯ ಹೊರಗೋಡೆಯಲ್ಲಿ ವಿಸ್ತಾರವಾದ ಕಲೆಯಿದ್ದರೆ ಲಾಭ ಕಡಿಮೆ. ಎಂಆರ್‌ಐ ಮೂಲಕ ಇದನ್ನು ಗುರುತಿಸಬಹುದು.
* ಲೀಡ್‌ನ ಸ್ಥಾನ: ಎಡ ಲೀಡ್ ಹೃದಯದ ತುದಿಯ ಭಾಗದಲ್ಲಿದ್ದರೆ ಫಲಿತಾಂಶ ಕಳಪೆಯಾಗಿರುತ್ತದೆ. ತಡವಾಗಿ ಪ್ರಚೋದಿತವಾಗುವ ಜಾಗದಲ್ಲಿ ಅದನ್ನು ಇರಿಸುವುದು ಸೂಕ್ತ. ಆದರೆ ರೋಗಿಯ ಅಭಿಧಮನಿಗಳ ರಚನೆ ಇದಕ್ಕೆ ಮಿತಿ ಹಾಕುತ್ತದೆ.
* ಹೃತ್ಕರ್ಣ ಕಂಪನ: ಅನಿಯಮಿತ ಬಡಿತವು ಸಾಧನದ ಕೆಲಸಕ್ಕೆ ಅಡ್ಡಿಯಾಗುತ್ತದೆ. ಪೂರ್ಣ ಪ್ರಯೋಜನಕ್ಕೆ ಬಹುತೇಕ ಎಲ್ಲ ಬಡಿತಗಳೂ ಸಾಧನದಿಂದಲೇ ಪ್ರಚೋದಿತವಾಗಬೇಕು.
* ಲಿಂಗ: ಮಹಿಳೆಯರ ಹೃದಯ ಸರಾಸರಿಯಲ್ಲಿ ಚಿಕ್ಕದಾದ್ದರಿಂದ ಅದೇ ಕ್ಯೂಆರ್‌ಎಸ್ ಅಗಲವು ಅವರಲ್ಲಿ ಹೆಚ್ಚಿನ ವಿಳಂಬವನ್ನು ಸೂಚಿಸಬಹುದು. ಮೂರು ಪ್ರಯೋಗಗಳ ಮಾಹಿತಿಯನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಎಡ ಶಾಖೆಯ ತಡೆ ಹಾಗೂ 130ರಿಂದ 149 ಮಿಲಿಸೆಕೆಂಡ್ ಕ್ಯೂಆರ್‌ಎಸ್ ಇದ್ದ ಮಹಿಳೆಯರಿಗೆ ಗಣನೀಯ ಲಾಭ ಕಂಡಿತು. ಅದೇ ಅಳತೆಯ ಪುರುಷರಿಗೆ ಕಾಣಲಿಲ್ಲ. ಪ್ರಯೋಗಗಳಲ್ಲಿ ಮಹಿಳೆಯರ ಸಂಖ್ಯೆ ಕಡಿಮೆಯಿದ್ದುದರಿಂದ ಈ ವ್ಯತ್ಯಾಸ ತಡವಾಗಿ ಬೆಳಕಿಗೆ ಬಂದಿತು.

ಮಾರ್ಗಸೂಚಿಗಳು

ಯುರೋಪಿಯನ್ ಸೊಸೈಟಿ ಆಫ್ ಕಾರ್ಡಿಯಾಲಜಿಯ 2021ರ ಮಾರ್ಗಸೂಚಿಯು, ಸೂಕ್ತ ಔಷಧೋಪಚಾರದ ಬಳಿಕವೂ ರೋಗಲಕ್ಷಣಗಳುಳ್ಳ, ಸಹಜ ಲಯದಲ್ಲಿರುವ, ಎಜೆಕ್ಷನ್ ಫ್ರ್ಯಾಕ್ಷನ್ ಶೇ. 35 ಅಥವಾ ಅದಕ್ಕಿಂತ ಕಡಿಮೆಯಿರುವ ರೋಗಿಗಳನ್ನು ಹೀಗೆ ವಿಂಗಡಿಸುತ್ತದೆ:

* ಎಡ ಶಾಖೆಯ ತಡೆ, ಕ್ಯೂಆರ್‌ಎಸ್ 150 ಮಿಲಿಸೆಕೆಂಡ್ ಅಥವಾ ಹೆಚ್ಚು: ದೃಢ ಶಿಫಾರಸು
* ಎಡ ಶಾಖೆಯ ತಡೆ, 130ರಿಂದ 149: ಪರಿಗಣಿಸುವುದು ಸೂಕ್ತ
* ಇತರ ಬಗೆಯ ವಿಳಂಬ, 150 ಅಥವಾ ಹೆಚ್ಚು: ಪರಿಗಣಿಸುವುದು ಸೂಕ್ತ
* ಇತರ ಬಗೆಯ ವಿಳಂಬ, 130ರಿಂದ 149: ಪರಿಗಣಿಸಬಹುದು
* 130ಕ್ಕಿಂತ ಕಡಿಮೆ: ಬೇರೆ ಕಾರಣಕ್ಕೆ ಹೃತ್ಕುಕ್ಷಿಗೆ ಪೇಸ್‌ಮೇಕರ್ ಅಗತ್ಯವಿಲ್ಲದಿದ್ದರೆ ಶಿಫಾರಸಿಲ್ಲ

ಹೊಸ ಬೆಳವಣಿಗೆಗಳು

ಇಸಿಜಿ, ರಕ್ತಪರೀಕ್ಷೆ ಹಾಗೂ ರೋಗಿಯ ಇತರ ವಿವರಗಳನ್ನು ಒಟ್ಟುಗೂಡಿಸಿ ಯಂತ್ರಕಲಿಕೆಯ ಮೂಲಕ ಫಲಿತಾಂಶವನ್ನು ಅಂದಾಜಿಸುವ ಪ್ರಯತ್ನಗಳು ನಡೆದಿವೆ. ಇನ್ನೊಂದೆಡೆ, ಹಿಸ್ ಬಂಡಲ್ ಅಥವಾ ಎಡ ಶಾಖೆಯ ಪ್ರದೇಶವನ್ನೇ ನೇರವಾಗಿ ಪ್ರಚೋದಿಸುವ ವಿಧಾನಗಳು ಬಳಕೆಗೆ ಬಂದಿವೆ. ಎಡ ಶಾಖೆಯ ಪ್ರಚೋದನೆಯನ್ನು 2017ರಲ್ಲಿ ಚೀನಾದ ವೈದ್ಯರು ಮೊದಲು ವರದಿ ಮಾಡಿದರು. ಅಭಿಧಮನಿಗಳ ರಚನೆಯಿಂದಾಗಿ ಸಾಂಪ್ರದಾಯಿಕ ಎಡ ಲೀಡ್ ಅಳವಡಿಸಲಾಗದವರಿಗೆ ಇವು ಪರ್ಯಾಯವಾಗಬಲ್ಲವು.

ಸಾಧನದ ಅಳವಡಿಕೆಯಲ್ಲಿ ಸೋಂಕು, ಲೀಡ್ ಜಾರುವಿಕೆ ಮತ್ತು ಬ್ಯಾಟರಿ ಬದಲಾವಣೆಗಾಗಿ ಮರುಶಸ್ತ್ರಚಿಕಿತ್ಸೆಯಂತಹ ತೊಂದರೆಗಳಿರುವುದರಿಂದ, ಪ್ರಯೋಜನವಾಗದವರಿಗೆ ಅದನ್ನು ಅಳವಡಿಸದಿರುವುದು ಪ್ರಯೋಜನವಾಗುವವರನ್ನು ಗುರುತಿಸುವಷ್ಟೇ ಮುಖ್ಯವೆಂದು ಪರಿಗಣಿಸಲಾಗುತ್ತದೆ.

ಇವನ್ನೂ ನೋಡಿ

* ಹೃದಯ ವೈಫಲ್ಯ
* ಪೇಸ್‌ಮೇಕರ್
* ಇಸಿಜಿ
* ಹೃತ್ಕರ್ಣ ಕಂಪನ