ಸೂರಕ್ಕಿ, ನೇರಳೆ ಸೊಂಟದ

ಗೋವಾದ ಬಾಯ್ನಾದಿಂದ ಕನ್ನಡ ಕರಾವಳಿಯವರೆಗೆ ದಾಸವಾಳ ಅರಳುವ ಹಿತ್ತಿಲುಗಳಲ್ಲಿ ಕಾಣಸಿಗುವ, 10 ಸೆಂಟಿಮೀಟರಿಗಿಂತ ಚಿಕ್ಕದಾದ ಮಕರಂದಪ್ರಿಯ ಹಕ್ಕಿ. ಶಾಸ್ತ್ರೀಯ ಹೆಸರು ಲೆಪ್ಟೊಕೋಮಾ ಝೈಲೋನಿಕಾ. ಇದನ್ನು 1766ರಲ್ಲಿ ಜೀವವಿಜ್ಞಾನಿ ಲಿನೇಯಸ್ ವರ್ಣಿಸಿದ. ಬಾಗಿದ ಕೊಕ್ಕು, ಗಂಡಿನ ಮಿರುಗುವ ಬಣ್ಣ ಮತ್ತು ಹೂವಿನ ನಂಟು ಕಂಡು ಹಲವರು ಇದನ್ನು ಹಮ್ಮಿಂಗ್‌ಬರ್ಡ್ ಎನ್ನುತ್ತಾರೆ. ಅದು ಸರಿಯಲ್ಲ. ಹಮ್ಮಿಂಗ್‌ಬರ್ಡ್‌ಗಳು ಟ್ರೊಕಿಲಿಡೇ ಕುಟುಂಬದವು, ಬಾನಾಡಿ (ಸ್ವಿಫ್ಟ್) ಹಕ್ಕಿಗಳ ಹತ್ತಿರದ ಬಂಧುಗಳು. ಇಂದು ಅಮೆರಿಕ ಖಂಡಗಳಲ್ಲಿ ಮಾತ್ರ ಇವೆ. ಸೂರಕ್ಕಿ ಗುಬ್ಬಿ, ಕಾಗೆಗಳ ಗಣವಾದ ಪ್ಯಾಸರಿಫಾರ್ಮಿಸ್‌ನ ನೆಕ್ಟರಿನಿಡೇ ಕುಟುಂಬಕ್ಕೆ ಸೇರಿದೆ. ಸೂರಕ್ಕಿಯೂ ಗಾಳಿಯಲ್ಲಿ ನಿಂತು ಮಧು ಹೀರುತ್ತದಲ್ಲ ಎಂದು ಕೇಳಬಹುದು. ನಿಜ, ಆದರೆ ಅದು ಕ್ಷಣಮಾತ್ರ. ಸಾಮಾನ್ಯವಾಗಿ ರೆಂಬೆಯ ಮೇಲೆ ಕೂತೇ ಹೀರುತ್ತದೆ. ಒಂದೇ ಬಗೆಯ ಆಹಾರ ಎರಡು ದೂರದ ವಂಶಗಳನ್ನು ಒಂದೇ ರೂಪಕ್ಕೆ ತಂದಿದೆ. ಹೋಲಿಕೆ ರಕ್ತಸಂಬಂಧಕ್ಕೆ ಸಾಕ್ಷಿಯಲ್ಲ.

ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳಲ್ಲಿ ವ್ಯಾಪಿಸಿರುವ ಈ ಪ್ರಭೇದವನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ‘ಕನಿಷ್ಠ ಕಾಳಜಿ’ಯ ವರ್ಗದಲ್ಲಿಟ್ಟಿದೆ. ಹಾಗಾದರೆ ಚಿಂತೆಯೇಕೆ ಎನ್ನುವಂತಿಲ್ಲ: ಜೇಡರಬಲೆಯಿಂದ ಹೆಣೆದ ತೂಗುಗೂಡಿಗೆ ಪೊದೆ ಬೇಕು, ಮರಿಗಳಿಗೆ ಕೀಟ ಬೇಕು. ಹಿತ್ತಿಲಿಗೆ ಕಾಂಕ್ರೀಟು ಹಾಸಿ ಕೀಟನಾಶಕ ಸುರಿದರೆ ಎರಡೂ ಇಲ್ಲವಾಗುತ್ತವೆ. ಆದ್ದರಿಂದ ಹೂಗಿಡಗಳ ಹಿತ್ತಿಲನ್ನು ಉಳಿಸಿಕೊಳ್ಳುವುದೇ ಇದರ ನಿಜವಾದ ಸಂರಕ್ಷಣೆ.