ಸ್ವಾಮಿಯ ಅಮ್ಮ

'ಮಾಲ್ಗುಡಿ ಡೇಸ್' ಅಂದ ಕೂಡಲೇ ಸ್ವಾಮಿಯಾಗಿದ್ದ ಮಾಸ್ಟರ್ ಮಂಜುನಾಥ್ ನೆನಪಾಗ್ತಾನೆ. ಗದರಿಸುವ ಅಪ್ಪನಾಗಿ ಗಿರೀಶ್ ಕಾರ್ನಾಡರೂ ನೆನಪಿದ್ದಾರೆ. ಮತ್ತೆ ಅಮ್ಮ? ಅವರೇ ವೈಶಾಲಿ ಕಾಸರವಳ್ಳಿ.

1980ರ ದಶಕದಲ್ಲಿ ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ಆ ಧಾರಾವಾಹಿ ದೂರದರ್ಶನದಲ್ಲಿ ದೇಶಕ್ಕೆಲ್ಲ ತಲುಪಿತು. ಬಹಳ ಜನಕ್ಕೆ ವೈಶಾಲಿಯವರ ಪರಿಚಯ ಅಲ್ಲಿಗೇ ನಿಂತುಬಿಟ್ಟಿದೆ. ಅವರ ಕೆಲಸ ಮಾತ್ರ ನಿಲ್ಲಲಿಲ್ಲ.

ಗಿರೀಶ್ ಕಾಸರವಳ್ಳಿಯವರ 'ತಾಯಿ ಸಾಹೇಬ' (1997) ಸ್ವಾತಂತ್ರ್ಯದ ಹಿಂದುಮುಂದಿನ ವರ್ಷಗಳ ಕಥೆ. ಇಂಥ ಚಿತ್ರದಲ್ಲಿ ಉಡುಗೆ ತಪ್ಪಿದರೆ ಕಾಲವೇ ತಪ್ಪಿಹೋಗುತ್ತೆ. ಅದರ ವಸ್ತ್ರವಿನ್ಯಾಸಕ್ಕೆ ವೈಶಾಲಿಯವರಿಗೆ ರಾಷ್ಟ್ರಪ್ರಶಸ್ತಿ ಬಂತು.

ಮುಂದೆ ಈಟಿವಿ ಕನ್ನಡಕ್ಕಾಗಿ 'ಮೂಡಲ ಮನೆ' ನಿರ್ದೇಶಿಸಿದರು. ಉತ್ತರ ಕರ್ನಾಟಕದ ಮಾತು ಅಂದ್ರೆ ನಗಿಸೋದಕ್ಕೆ ಅನ್ನೋದು ನಮ್ಮ ತೆರೆಯ ಹಳೇ ಚಾಳಿ. ಇಲ್ಲಿ ಇಡೀ ಮನೆತನವೇ ಆ ಮಾತಿನಲ್ಲಿ ಬದುಕಿತು, ನಕ್ಕಿತು, ಅತ್ತಿತು.. ದಿನಾ ಸಂಜೆ ಅದನ್ನು ಕೇಳಿದ ಬೆಂಗಳೂರು-ಮೈಸೂರಿನ ಕಿವಿಗಳಿಗೂ ಅದು ಮನೆಮಾತಾಯಿತು.

2010ರ ಸೆಪ್ಟೆಂಬರ್ 27ರಂದು ವೈಶಾಲಿ ತೀರಿಕೊಂಡರು. 'ಸ್ವಾಮಿಯ ಅಮ್ಮ' ಅಂತ ಅವರನ್ನು ನೆನೆಯೋದು ತಪ್ಪಲ್ಲ ಬಿಡಿ. ಆದರೆ ತೆರೆಯ ಮೇಲೆ ಸರ್ರನೆ ಸರಿದುಹೋಗುವ ಹೆಸರುಗಳನ್ನು ಓದದಿದ್ದರೆ ನಟಿಯೊಬ್ಬಳ ಅರ್ಧ ಚರಿತ್ರೆ ಅಲ್ಲೇ ಕಳೆದುಹೋಗುತ್ತೆ.

ನಿಮಗೆ 'ಮೂಡಲ ಮನೆ' ನೆನಪಿದೆಯಾ?