ಇಂಗ್ಲಿಷಿನ ಸಂಯೋಜಕ ಪದಗಳು : ನಿಯಮವೂ ರೂಢಿಯೂ

'ಆ್ಯಂಡ್' ಎಂಬ ಪದದಿಂದಾಗಲಿ 'ಬಟ್' ಎಂಬ ಪದದಿಂದಾಗಲಿ ವಾಕ್ಯವನ್ನು ಆರಂಭಿಸಕೂಡದೆಂಬುದು ಭಾರತದ ಶಾಲೆಗಳಲ್ಲಿ ಇಂಗ್ಲಿಷ್ ಕಲಿತ ಹಲವು ತಲೆಮಾರುಗಳವರು ಕೇಳಿ ಬಂದ ಕಟ್ಟಳೆ. ಅದನ್ನು ಮೀರಿದ ವಿದ್ಯಾರ್ಥಿಯ ಉತ್ತರಪತ್ರಿಕೆಯಲ್ಲಿ ಕೆಂಪು ಗೆರೆ ಬೀಳುತ್ತಿತ್ತು; ಅಂಕವೂ ಕಡಮೆಯಾಗುತ್ತಿತ್ತು. ಈ ಕಟ್ಟಳೆ ಎಲ್ಲಿಂದ ಬಂದಿತು, ಇಂಗ್ಲಿಷನ್ನು ತಾಯ್ನುಡಿಯಾಗಿ ಉಳ್ಳವರು ಎಂದಾದರೂ ಅದನ್ನು ಪಾಲಿಸಿದರೇ ಎಂಬ ಪ್ರಶ್ನೆಗೆ ಉತ್ತರ ವ್ಯಾಕರಣ ಪುಸ್ತಕದಲ್ಲಿ ದೊರೆಯದು. ಆ ಭಾಷೆಯ ವಾಕ್ಯರಚನೆಯ ಇತಿಹಾಸದಲ್ಲಿ ದೊರೆಯುತ್ತದೆ.

ಒಂಬತ್ತನೆಯ ಶತಮಾನದ ಕೊನೆಯಲ್ಲಿ, ಆಲ್ಫ್ರೆಡ್ ಅರಸನ ಕಾಲದಲ್ಲಿ, ಆಂಗ್ಲೋ-ಸ್ಯಾಕ್ಸನ್ ವೃತ್ತಾಂತವೆಂಬ ವರ್ಷಾವಳಿಯ ಸಂಕಲನ ಮೊದಲಾಯಿತು. ಪೀಟರ್‌ಬರೋ ಮಠದ ಪ್ರತಿಯಲ್ಲಿ ಅದು 1154ರ ವರೆಗೂ ಮುಂದುವರಿಯಿತು. ಆ ಬರವಣಿಗೆಯ ಮೈಕಟ್ಟೇ 'ಆ್ಯಂಡ್'. ಒಂದು ಘಟನೆ, 'ಆ್ಯಂಡ್', ಮತ್ತೊಂದು ಘಟನೆ, 'ಆ್ಯಂಡ್', ಮಗುದೊಂದು ಘಟನೆ — ಹೀಗೆ ಕಥನ ಸಾಗುತ್ತದೆ. ಈ ಪದ ಎಷ್ಟು ಸಲ ಬರುತ್ತಿದ್ದಿತೆಂದರೆ ಲಿಪಿಕಾರರು ಅದನ್ನು ಅಕ್ಷರಗಳಲ್ಲಿ ಬರೆಯುವ ಶ್ರಮವನ್ನೇ ಬಿಟ್ಟು, ಏಳರ ಅಂಕಿಯನ್ನು ಹೋಲುವ ಒಂದು ಗುರುತನ್ನು ಹಾಕುತ್ತಿದ್ದರು. ರೋಮಿನ ವಾಗ್ಮಿ ಸಿಸೆರೋನ ಕಾರ್ಯದರ್ಶಿ ಟೈರೋ ಕಲ್ಪಿಸಿದನೆಂದು ಪ್ರತೀತಿಯುಳ್ಳ ಶೀಘ್ರಲಿಪಿಯಿಂದ ಬಂದ ಗುರುತು ಅದು.

ಇದರಿಂದ ಹಳೆಯ ಇಂಗ್ಲಿಷರಿಗೆ ಅಧೀನ ವಾಕ್ಯವೇ ತಿಳಿದಿರಲಿಲ್ಲವೆಂದು ಭಾವಿಸಲಾಗದು. ಅವರಲ್ಲಿ 'ಥಾ' ಎಂಬ ಒಂದೇ ಪದ 'ಆಗ' ಎಂಬ ಅರ್ಥವನ್ನೂ 'ಯಾವಾಗ' ಎಂಬ ಅರ್ಥವನ್ನೂ ಕೊಡುತ್ತಿದ್ದಿತು. 'ಥಾ' ಪದದ ಬೆನ್ನಿಗೇ ಕ್ರಿಯಾಪದ ಬಂದರೆ ಅದು ಸಾಮಾನ್ಯವಾಗಿ ಪ್ರಧಾನ ವಾಕ್ಯ. ಕ್ರಿಯಾಪದ ಹಿಂದೆ ಸರಿದು ಕೊನೆಯ ಕಡೆಗೆ ಹೋದರೆ ಅಧೀನ ವಾಕ್ಯ. ಇಂದು ಬೇರೆ ಬೇರೆ ಪದಗಳು ಮಾಡುವ ಕೆಲಸವನ್ನು ಅಂದು ಪದಗಳ ಸ್ಥಾನವೇ ಬಹುಮಟ್ಟಿಗೆ ಮಾಡುತ್ತಿದ್ದಿತು. ಮುಂದೆ ಇಂಗ್ಲಿಷಿನ ಪದಕ್ರಮ ಸ್ಥಿರಗೊಂಡು, ಕ್ರಿಯಾಪದಕ್ಕೆ ಅತ್ತಿತ್ತ ಸರಿಯುವ ಸ್ವಾತಂತ್ರ್ಯ ತಪ್ಪಿದಾಗ ಈ ಉಪಾಯ ನಿಲ್ಲಲಿಲ್ಲ. ಉಪವಾಕ್ಯಗಳ ಸಂಬಂಧವನ್ನು ಬಾಯಿಬಿಟ್ಟು ಹೇಳುವ ಪದಗಳು ಬೇಕಾದುವು.

ಆ ಪದಗಳು ಎಲ್ಲಿಂದ ಬಂದುವೆಂಬುದೇ ಈ ಚರಿತ್ರೆಯ ಅತ್ಯಂತ ಸ್ವಾರಸ್ಯವಾದ ಭಾಗ. 'ವೈಲ್' ಮೂಲತಃ ನಾಮಪದ. ಅದರ ಅರ್ಥ ಕಾಲ, ಹೊತ್ತು. 'ಯಾವ ಹೊತ್ತಿನಲ್ಲಿ' ಎಂಬ ಪದಪುಂಜ ಸವೆದು ಸವೆದು ಆ ಒಂದು ಪದವೇ ಸಂಯೋಜಕವಾಗಿ ಉಳಿಯಿತು. ಅನಂತರ ಅದು ಕಾಲಾರ್ಥವನ್ನೂ ದಾಟಿ, 'ಒಬ್ಬನು ಹೀಗಿರಲು ಇನ್ನೊಬ್ಬನು ಹಾಗೆ' ಎಂಬ ವಿರೋಧಾರ್ಥಕ್ಕೂ ಬಂದಿತು. 'ಬಟ್' ಪದದ ಹಳೆಯ ರೂಪ 'ಬೂಟನ್'. ಅರ್ಥ 'ಹೊರಗೆ', 'ಹೊರತು'. 'ಅವನ ಹೊರತು ಯಾರೂ ಬರಲಿಲ್ಲ' ಎಂಬಂಥ ಪ್ರಯೋಗದಿಂದ 'ಆದರೆ' ಎಂಬ ಅರ್ಥಕ್ಕೆ ಅದು ಸರಿದುದು ಮೆಲ್ಲಗೆ. 'ಅನ್‌ಲೆಸ್' ಎಂಬುದರ ಆದಿಯಲ್ಲಿರುವ 'ಅನ್' ನಿಷೇಧಾರ್ಥದ ಉಪಸರ್ಗದಂತೆ ತೋರಿದರೂ ಮೂಲದಲ್ಲಿ ಅದು 'ಆನ್' ಎಂಬ ಪದ. 'ಇದಕ್ಕಿಂತ ಕಡಮೆಯ ನಿಬಂಧನೆಯ ಮೇಲೆ' ಎಂಬುದು ಆ ಪದಪುಂಜದ ತಾತ್ಪರ್ಯವಾಗಿದ್ದಿತು. 'ಬಿಕಾಸ್' ಎಂಬುದಂತೂ ಫ್ರೆಂಚ್ ನುಡಿಗಟ್ಟಿನ ಮಾದರಿಯಲ್ಲಿ ಹದಿನಾಲ್ಕನೆಯ ಶತಮಾನದಲ್ಲಿ ರೂಪುಗೊಂಡುದು. 'ಬೈ' ಎಂಬ ಇಂಗ್ಲಿಷ್ ಪದವೂ 'ಕಾಸ್', ಅಂದರೆ ಕಾರಣ, ಎಂಬ ಫ್ರೆಂಚ್ ನಾಮಪದವೂ ಬೆಸೆದು ಅದಾಯಿತು. 1400ರಲ್ಲಿ ತೀರಿಕೊಂಡ ಚಾಸರ್ ಕವಿಯ ಕಾಲಕ್ಕೆ ಅದರ ಬೆನ್ನಿಗೆ 'ದಟ್' ಎಂಬ ಊರುಗೋಲೂ ಬರುತ್ತಿದ್ದುದುಂಟು. ಇವುಗಳಲ್ಲಿ ಒಂದನ್ನಾದರೂ ವ್ಯಾಕರಣಕಾರರು ನಿರ್ಮಿಸಲಿಲ್ಲ. ಆಡುವವರ ಬಾಯಲ್ಲಿಯೂ ಬರೆಯುವವರ ಕೈಯಲ್ಲಿಯೂ ಇವು ಬೆಳೆದುವು.

ವಾಕ್ಯಾರಂಭದ 'ಆ್ಯಂಡ್' ಪದಕ್ಕೆ ದೊಡ್ಡ ಪ್ರತಿಷ್ಠೆ ಬಂದುದು ಬೈಬಲಿನ ಭಾಷಾಂತರದಿಂದ. ಹೀಬ್ರೂ ಕಥನದಲ್ಲಿ ವಾಕ್ಯಗಳು 'ವಾವ್' ಎಂಬ ಒಂದಕ್ಷರದ ಅವ್ಯಯದಿಂದ ಕೂಡಿಕೊಳ್ಳುತ್ತವೆ. 1611ರಲ್ಲಿ ಜೇಮ್ಸ್ ಅರಸನ ಆಜ್ಞೆಯಂತೆ ಸಿದ್ಧವಾದ ಭಾಷಾಂತರದಲ್ಲಿ ವಿದ್ವಾಂಸರು ಬಹುಮಟ್ಟಿಗೆ ಅದನ್ನು 'ಆ್ಯಂಡ್' ಎಂದೇ ಉಳಿಸಿಕೊಂಡರು. ಆದಿಕಾಂಡದ ಮೊದಲನೆಯ ಅಧ್ಯಾಯದ 31 ವಚನಗಳಲ್ಲಿ 29 ಈ ಪದದಿಂದಲೇ ಆರಂಭವಾಗುತ್ತವೆ. ಇಂಗ್ಲೆಂಡಿನ ಜನ ಮೂರು ಶತಮಾನಗಳಿಗೂ ಮಿಕ್ಕು ಪ್ರತಿ ಭಾನುವಾರವೂ ದೇವಾಲಯದಲ್ಲಿ ಕೇಳಿದ ಗದ್ಯ ಇದು. ಶಾಲೆಯಲ್ಲಿ ತಪ್ಪೆನಿಸಿದುದು ಪ್ರಾರ್ಥನಾ ಮಂದಿರದಲ್ಲಿ ಗದ್ಯದ ಆದರ್ಶವೆನಿಸಿದ್ದುದು ವಿಚಿತ್ರವೇ ಸರಿ.

ಇಲ್ಲಿ ಇನ್ನೊಂದು ಮಾತನ್ನೂ ನೆನೆಯಬೇಕು. ವಾಕ್ಯದ ಆರಂಭ ಯಾವುದೆಂಬ ಪ್ರಶ್ನೆ ಏಳುವುದೇ ಪೂರ್ಣವಿರಾಮ, ದೊಡ್ಡಕ್ಷರ ಇವೆರಡೂ ನೆಲೆಗೊಂಡ ಬಳಿಕ. ಹಸ್ತಪ್ರತಿಗಳ ವಿರಾಮಚಿಹ್ನೆಗಳ ಪದ್ಧತಿ ಇಂದಿನದಲ್ಲ. ಹಳೆಯ ಗದ್ಯದ ಇಂದಿನ ಮುದ್ರಣಗಳಲ್ಲಿ ಕಾಣುವ ಬಿಂದುಗಳನ್ನು ಅನೇಕ ಕಡೆ ಇಟ್ಟವರು ಸಂಪಾದಕರು. 1476ರಲ್ಲಿ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟವನ್ನು ಸ್ಥಾಪಿಸಿದ ಮೇಲೂ ಈ ಪದ್ಧತಿ ಒಂದು ಹದಕ್ಕೆ ಬರಲು ಬಹುಕಾಲ ಹಿಡಿಯಿತು.

ವ್ಯಾಕರಣಕಾರರ ಯುಗ ಹದಿನೆಂಟನೆಯ ಶತಮಾನ. ಜೋಸೆಫ್ ಪ್ರೀಸ್ಟ್ಲಿ 1761ರಲ್ಲಿಯೂ ರಾಬರ್ಟ್ ಲೌತ್ 1762ರಲ್ಲಿಯೂ ತಮ್ಮ ವ್ಯಾಕರಣಗಳನ್ನು ಪ್ರಕಟಿಸಿದರು. ಪ್ರೀಸ್ಟ್ಲಿಗೆ ರೂಢಿಯೇ ಪ್ರಮಾಣ. ಲೌತನಿಗೆ ಹೆಸರಾಂತ ಲೇಖಕರ ತಪ್ಪುಗಳನ್ನು ಅಡಿಟಿಪ್ಪಣಿಗಳಲ್ಲಿ ಎತ್ತಿ ತೋರಿಸುವುದರಲ್ಲಿ ಆಸಕ್ತಿ. ಜಯ ದೊರೆತುದು ಲೌತನ ಮಾರ್ಗಕ್ಕೆ. ಯಾರ್ಕ್ ನಗರದ ಬಳಿ ನೆಲೆಸಿದ್ದ ಅಮೆರಿಕದ ಲಿಂಡ್ಲಿ ಮರೆ 1795ರಲ್ಲಿ ಹೊರತಂದ ವ್ಯಾಕರಣ ಅದನ್ನು ಶಾಲೆಶಾಲೆಗೂ ಒಯ್ದಿತು. ಆದರೆ ಲೌತನ ಪೀಠಿಕೆಯಲ್ಲಿಯೇ 'ಬಟ್' ಪದದಿಂದ ಆರಂಭವಾಗುವ ವಾಕ್ಯವುಂಟು! ಈ ನಿಷೇಧ ಶಾಸ್ತ್ರದಿಂದ ಹುಟ್ಟಿದುದಕ್ಕಿಂತ ತರಗತಿಯ ಅನುಕೂಲದಿಂದ ಹುಟ್ಟಿತೆಂದು ಊಹಿಸುವುದು ಯುಕ್ತ. ಮಕ್ಕಳು ಕಥೆ ಬರೆಯುವಾಗ ಪ್ರತಿ ವಾಕ್ಯವನ್ನೂ 'ಆ್ಯಂಡ್' ಎಂದು ಪೋಣಿಸುವುದುಂಟು. ಅದನ್ನು ತಡೆಯಲು ಉಪಾಧ್ಯಾಯನು ಹೇಳಿದ ಮಾತು ಕಾಲಾಂತರದಲ್ಲಿ ಭಾಷೆಯ ಶಾಸನವೆನಿಸಿತು. ಫೌಲರನ ಪ್ರಸಿದ್ಧ ಪ್ರಯೋಗ ಕೋಶವನ್ನು 1965ರಲ್ಲಿ ಪರಿಷ್ಕರಿಸಿದ ಗವರ್ಸ್ ಇದನ್ನು ಮೂಢನಂಬಿಕೆಗಳ ಸಾಲಿಗೆ ಸೇರಿಸಿದನು.

ಭಾರತಕ್ಕೆ ಬಂದುದು ಈ ಶಾಲಾ ಪರಂಪರೆಯೇ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನೆಸ್‌ಫೀಲ್ಡನ ವ್ಯಾಕರಣಗಳೂ 1930ರ ದಶಕದಲ್ಲಿ ರೆನ್ ಮತ್ತು ಮಾರ್ಟಿನ್ ಅವರ ಪುಸ್ತಕವೂ ವಾಕ್ಯ ವಿಭಜನೆಯನ್ನೂ ವಾಕ್ಯ ಸಂಯೋಜನೆಯನ್ನೂ ದೊಡ್ಡ ಅಭ್ಯಾಸವನ್ನಾಗಿ ಮಾಡಿದುವು. ಮುಂಬಯಿ ಪ್ರಾಂತದ ವಿದ್ಯಾ ಇಲಾಖೆಯಲ್ಲಿದ್ದ ಪಿ. ಸಿ. ರೆನ್ 1924ರ 'ಬೋ ಜೆಸ್ಟ್' ಎಂಬ ಸಾಹಸ ಕಾದಂಬರಿಯ ಕರ್ತೃವೂ ಹೌದು.

ಕನ್ನಡಿಗ ವಿದ್ಯಾರ್ಥಿಗೆ ಈ ಅಭ್ಯಾಸದಲ್ಲಿ ವಿಶೇಷ ತೊಡಕೊಂದಿತ್ತು. 'ಹುಡುಗನು ಎದ್ದು, ಮುಖ ತೊಳೆದು, ಊಟ ಮಾಡಿ, ಶಾಲೆಗೆ ಹೋದನು' ಎಂಬಲ್ಲಿ ಪೂರ್ಣ ಕ್ರಿಯಾಪದ ಒಂದೇ. ಉಳಿದ ಮೂರೂ ಕೃದಂತಗಳು, ಸಂಯೋಜಕವೇ ಬೇಡ. 'ಬಂದರೆ', 'ಬಂದಾಗ', 'ಬಂದುದರಿಂದ' ಎಂಬಲ್ಲಿ ಸಂಬಂಧಸೂಚಕ ಉಪವಾಕ್ಯದ ಬಾಲದಲ್ಲಿದೆ. ಇಂಗ್ಲಿಷಿನಲ್ಲಿ ಅದು ತಲೆಯಲ್ಲಿರುತ್ತದೆ. ಹೀಗೆ ಬುಡಮೇಲಾದ ವ್ಯವಸ್ಥೆಯನ್ನು ಕಲಿಯುವವನಿಗೆ ಬೇಕಾಗಿದ್ದುದು ಸಜೀವ ಪ್ರಯೋಗದ ಪರಿಚಯ. ದೊರೆತುದು ಹೆಚ್ಚಾಗಿ ನಿಷೇಧಗಳ ಪಟ್ಟಿ. ಕನ್ನಡದಲ್ಲಿ ವಾಕ್ಯಗಳ ನಡುವೆ 'ಮತ್ತು' ಹಾಕುವ ಭಾಷಾಂತರ ಗದ್ಯದ ಚಟ ಇದೇ ವ್ಯವಹಾರದ ಇನ್ನೊಂದು ಮುಖ.

ಸಜೀವ ಪ್ರಯೋಗವನ್ನೇ ಆಧಾರವಾಗಿಟ್ಟುಕೊಂಡ ಅಧ್ಯಯನ ಬಲಗೊಂಡುದು ಇಪ್ಪತ್ತನೆಯ ಶತಮಾನದಲ್ಲಿ. ಅಮೆರಿಕದ ಚಾರ್ಲ್ಸ್ ಫ್ರೀಸ್ 1940ರ ಗ್ರಂಥಕ್ಕೆ ಸಾಮಾನ್ಯ ಜನ ಸರ್ಕಾರಕ್ಕೆ ಬರೆದ ಪತ್ರಗಳನ್ನೂ, 1952ರ ಗ್ರಂಥಕ್ಕೆ ಧ್ವನಿಮುದ್ರಿಸಿದ ಟೆಲಿಫೋನು ಸಂಭಾಷಣೆಗಳನ್ನೂ ಆಧಾರ ಮಾಡಿಕೊಂಡನು. ಲೇಖಕರ ಉತ್ತಮ ವಾಕ್ಯಗಳನ್ನು ಆಯ್ದು ಪೋಣಿಸುತ್ತಿದ್ದ ಶಾಸ್ತ್ರಕ್ಕೆ ಇದು ದೊಡ್ಡ ತಿರುವು. 1959ರಲ್ಲಿ ರ್‍ಯಾಂಡಲ್ಫ್ ಕ್ವರ್ಕ್ ಆರಂಭಿಸಿದ ಇಂಗ್ಲಿಷ್ ಪ್ರಯೋಗ ಸಮೀಕ್ಷೆ, ಬರೆಹ ಮತ್ತು ಮಾತು ಎರಡರಿಂದಲೂ ಸಮಭಾಗವಾಗಿ ಹತ್ತು ಲಕ್ಷ ಪದಗಳ ಸಂಗ್ರಹವನ್ನು ಗುರಿಯಾಗಿಟ್ಟುಕೊಂಡಿತು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಫ್ರಾನ್ಸಿಸ್ ಮತ್ತು ಕುಚೆರಾ 1961ರಲ್ಲಿ ಅಚ್ಚಾದ ಬರೆಹಗಳಿಂದ, ಸುಮಾರು 2,000 ಪದಗಳ 500 ಮಾದರಿಗಳನ್ನು ಕೂಡಿಸಿ, ಗಣಕಯಂತ್ರಕ್ಕೆ ಊಡಿಸಿದರು. ಆ ಎಣಿಕೆಯಲ್ಲಿ 'ಆ್ಯಂಡ್' ಪದಕ್ಕೆ ಮೂರನೆಯ ಸ್ಥಾನ. ಇದೇ ಮಾದರಿಯಲ್ಲಿ ಭಾರತೀಯ ಇಂಗ್ಲಿಷಿನ ಹತ್ತು ಲಕ್ಷ ಪದಗಳ ಸಂಗ್ರಹ, 1978ರ ಪ್ರಕಟಣೆಗಳಿಂದ, ಕರ್ನಾಟಕದ ಗಡಿಗೆ ಸಮೀಪದ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿಯೇ ಸಿದ್ಧವಾಯಿತು.

ನಾಲ್ಕು ಕೋಟಿ ಪದಗಳ ಆಧಾರದ ಮೇಲೆ 1999ರಲ್ಲಿ ಹೊರಬಂದ ಲಾಂಗ್‌ಮನ್ ವ್ಯಾಕರಣ ವಿವಾದವನ್ನು ಬಹುಮಟ್ಟಿಗೆ ಮುಗಿಸಿತೆನ್ನಬಹುದು. ವಾಕ್ಯಾರಂಭದ 'ಆ್ಯಂಡ್', 'ಬಟ್' ಸಂಭಾಷಣೆಯಲ್ಲಿ ಹೇರಳ. ವಿದ್ವತ್ಪೂರ್ಣ ಗದ್ಯದಲ್ಲಿ ವಿರಳವಾದರೂ ಇಲ್ಲದಿಲ್ಲ. 'ಬಿಕಾಸ್' ಉಪವಾಕ್ಯ ಮಾತಿನಲ್ಲಿ ಪ್ರಧಾನ ವಾಕ್ಯದ ಹಿಂದಿನಿಂದಲೇ ಬರುವುದು ಹೆಚ್ಚು: ಮೊದಲು ಸಂಗತಿ, ಆಮೇಲೆ ಕಾರಣ. 'ನನಗನಿಸುತ್ತದೆ' ಎಂಬರ್ಥದ ಮಾತುಗಳ ಮುಂದೆ ಬರಬೇಕಾದ 'ದಟ್' ಎಂಬುದನ್ನು ಆಡುವವರು ಸಾಮಾನ್ಯವಾಗಿ ಬಿಟ್ಟೇಬಿಡುತ್ತಾರೆ. ವಿದ್ವಾಂಸರು ಬರೆಯುವಾಗ ಉಳಿಸಿಕೊಳ್ಳುತ್ತಾರೆ.

ಅಷ್ಟರಲ್ಲಿ 'ಬಿಕಾಸ್' ಮತ್ತೆ ಚಲಿಸಿತು. ಅದರ ಮುಂದೆ ಉಪವಾಕ್ಯವಿಲ್ಲದೆ ಬರಿಯ ನಾಮಪದವೊಂದನ್ನು ಇಡುವ ಹೊಸ ಪ್ರಯೋಗವನ್ನು ಗಮನಿಸಿ ಅಮೆರಿಕದ ಉಪಭಾಷಾ ಸಂಘ ಅದನ್ನು 2013ರ ವರ್ಷದ ಪದವೆಂದು ಆರಿಸಿತು. ನಾಮಪದವೊಂದನ್ನು ಒಡಲಲ್ಲಿಟ್ಟುಕೊಂಡು ಹೊರಟ ಈ ಸಂಯೋಜಕ ಆರು ಶತಮಾನಗಳ ಮೇಲೆ ಮತ್ತೊಂದು ನಾಮಪದದ ಪಕ್ಕದಲ್ಲಿ ಬಂದು ನಿಂತಿದೆ.